ಮಳೆಗಾಲಕ್ಕೆ ಮೊದಲು ಒಂದು ಸೂರು: ಲೈಫ್ ಪಟ್ಟಿಯಿಂದ ಬಿಟ್ಟುಹೋದವರು ಎಲ್ಲಿ ಕೇಳುವುದು?

ಕನ್ನಡ ಟೀಚರ್ | ಮೇ 6, 2025, ರಾತ್ರಿ 9.40

ಎಲ್ಲರಿಗೂ ನಮಸ್ಕಾರ. ನಾನು ಇಲ್ಲಿ ಓದುವುದೇ ಹೆಚ್ಚು, ಬರೆದದ್ದು ಕಡಿಮೆ. ಇವತ್ತು ಕೇಳದೆ ಬೇರೆ ದಾರಿ ಕಾಣಲಿಲ್ಲ.

ಕಾಸರಗೋಡು ಜಿಲ್ಲೆಯ ನಮ್ಮ ಶಾಲೆಯಲ್ಲಿ ನನ್ನ ನಾಲ್ಕನೇ ಕ್ಲಾಸಿನ ಒಬ್ಬಳು ಹುಡುಗಿಯ ಮನೆಯವರು ಈ ತಿಂಗಳ 31ಕ್ಕೆ ಬಾಡಿಗೆ ಕ್ವಾರ್ಟರ್ಸ್ ಬಿಡಬೇಕಂತೆ. ತಾಯಿ ಬೀಡಿ ಕಟ್ಟಿ ಮನೆ ನಡೆಸುವವರು. ಗಂಡ ತೀರಿಹೋಗಿ ಎರಡೂವರೆ ವರ್ಷ ಆಯಿತು. ಎರಡು ಮಕ್ಕಳು, ಮೊಣಕಾಲು ನೋವಿನ ಅತ್ತೆ. ಬಾಡಿಗೆ ಎರಡು ತಿಂಗಳು ಬಾಕಿ ಉಂಟು. ಓನರ್ ಕೆಟ್ಟವರಲ್ಲ, ಅವರಿಗೂ ಮಗನ ಮದುವೆ ಇದೆ, ರೂಮು ಬೇಕು.

ಇವರಿಗೆ ಹತ್ತು ಸೆಂಟ್ಸ್ ಜಾಗ ಉಂಟು. ಮಾವನಿಗೆ ಕುಡಿಕಿಡಪ್ಪು ಹಕ್ಕಿನಲ್ಲಿ, ಅಂದರೆ ಇನ್ನೊಬ್ಬರ ಜಾಗದಲ್ಲಿ ಗುಡಿಸಲು ಕಟ್ಟಿಕೊಂಡಿದ್ದವರ ಹಕ್ಕಿನಲ್ಲಿ ಸಿಕ್ಕಿದ್ದು. ಅಲ್ಲಿದ್ದ ಮಣ್ಣಿನ ಮನೆ 2019ರ ಆಗಸ್ಟ್ ಮಳೆಗೆ ಬಿತ್ತು. ಆಮೇಲೆ ಭಾವನ (ಗಂಡನ ಅಣ್ಣನ) ಮನೆಯಲ್ಲಿದ್ದರು, ಅಲ್ಲಿಂದ ಕ್ವಾರ್ಟರ್ಸಿಗೆ ಬಂದರು. 2020ರಲ್ಲಿ ಕೇರಳ ಸರಕಾರದ ಮನೆ ಯೋಜನೆ ಲೈಫ್ ಮಿಷನ್ನಿಗೆ ಅರ್ಜಿ ಕರೆದಾಗ ಗಂಡ ಅರ್ಜಿ ಹಾಕಿದ್ದರು. 2022ರಲ್ಲಿ ಪಟ್ಟಿ ಬಂತು. ಹೆಸರು ಇರಲಿಲ್ಲ. ಆ ಹೊತ್ತಿಗೆ ಗಂಡ ಮಂಗಳೂರಿನ ಆಸ್ಪತ್ರೆಯಲ್ಲಿ.

ನಿನ್ನೆ ಅವರ ರೂಮಿಗೆ ಹೋಗಿದ್ದೆ. ರೇಷನ್ ಕಾರ್ಡಿನ ಪ್ಲಾಸ್ಟಿಕ್ ಕವರಿನೊಳಗಿಂದ ನಾಲ್ಕು ಮಡಿಕೆಯ ಒಂದು ಕಾಗದ ತೆಗೆದು ಕೊಟ್ಟರು. ಮಡಿಕೆಯಲ್ಲಿ ಹೊಗೆಸೊಪ್ಪಿನ ಪುಡಿ. ಇಷ್ಟು ವರ್ಷ ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಾರೆ, ಏನು ಬರೆದಿದೆ ಅಂತ ಗೊತ್ತಿಲ್ಲದೆ. ಮಲಯಾಳದಲ್ಲಿತ್ತು. ನಾನು ಓದಿದೆ: ‘ಅನರ್ಹರ್’. ಕಾರಣ, ಅದೇ ರೇಷನ್ ಕಾರ್ಡಿನಲ್ಲಿರುವ ಇನ್ನೊಬ್ಬರಿಗೆ ಮನೆ ಉಂಟು. ಅಂದರೆ ಭಾವನ ಮನೆ. ಕೆಳಗೆ ಮೇಲ್ಮನವಿ ಕೊಡಬಹುದು ಅಂತ ಬರೆದಿತ್ತು, ದಿನಾಂಕ ಸಮೇತ.

‘ಅನರ್ಹ’ ಅಂದರೆ ಏನು ಅಂತ ನಾನು ಅವರಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ನಮ್ಮಲ್ಲೂ ಅದೇ ಶಬ್ದ ಅಲ್ಲವಾ? ಲಿಪಿ ಒಂದು ಅಡ್ಡ ನಿಂತಿತ್ತು. ‘ಆಗಲೇ ಯಾರಾದರೂ ಓದಿ ಹೇಳಿದ್ದಿದ್ದರೆ ಟೀಚರ್’ ಅಂದರು, ಅಷ್ಟೇ. ಮತ್ತೆ ತಲೆ ತಗ್ಗಿಸಿ ಬೀಡಿ ಸುತ್ತತೊಡಗಿದರು.

ಈಗ ಏನು ಮಾಡಬಹುದು? ಪಂಚಾಯತಿನ ಹೆಸರು ಇಲ್ಲಿ ಹಾಕುವುದಿಲ್ಲ. ಗೊತ್ತಿದ್ದವರು ದಯವಿಟ್ಟು ಹೇಳಿ.


ಪೈವಳಿಕೆಯ ಓದುಗ | ಮೇ 6, ರಾತ್ರಿ 10.15

ಟೀಚರ್, ಓದಿ ಹೊಟ್ಟೆಯೊಳಗೆ ಸಂಕಟ ಆಯಿತು. ಮೊದಲು ಒಂದು ಪ್ರಶ್ನೆ: ಅವರ ರೇಷನ್ ಕಾರ್ಡು ಈಗಲೂ ಭಾವನ ಜೊತೆಗೇ ಉಂಟಾ, ಬೇರೆ ಮಾಡಿದ್ದಾರಾ? ಒಟ್ಟಿಗೇ ಇದ್ದರೆ ನಾಳೆಯೇ ಸರಕಾರಿ ಅರ್ಜಿಗಳನ್ನು ಆನ್‌ಲೈನ್ ಹಾಕಿಕೊಡುವ ಅಕ್ಷಯ ಕೇಂದ್ರಕ್ಕೆ ಕರಕೊಂಡು ಹೋಗಿ. ಲೈಫಿನಲ್ಲಿ ಕುಟುಂಬ ಅಂದರೆ ರೇಷನ್ ಕಾರ್ಡು. ಒಂದು ಕಾರ್ಡಿಗೆ ಒಂದು ಮನೆ. ಒಂದೇ ಮಾಡಿನ ಕೆಳಗೆ ಮೂರು ಒಲೆ ಉರಿಯುತ್ತಿದ್ದರೂ ಕಾರ್ಡು ಒಂದಾದರೆ ಒಂದೇ ಕುಟುಂಬ. ನಮ್ಮ ಕಡೆ ಎಷ್ಟೋ ಜನರಿಗೆ ಇಲ್ಲಿಯೇ ಪೆಟ್ಟು ಬಿದ್ದದ್ದು.


ನಿವೃತ್ತ ವಿಇಒ | ಮೇ 7, ಬೆಳಿಗ್ಗೆ 6.30

ಟೀಚರ್‌ಗೆ ನಮಸ್ಕಾರ. ನಾನು ಈ ಜಿಲ್ಲೆಯ ನಾಲ್ಕು ಪಂಚಾಯತುಗಳಲ್ಲಿ ವಿಲೇಜ್ ಎಕ್ಸ್‌ಟೆನ್ಶನ್ ಆಫೀಸರ್ ಆಗಿದ್ದವನು. ಮನೆ ಯೋಜನೆಯ ಫೈಲು ನಮ್ಮ ಮೇಜಿನ ಮೇಲೆಯೇ ಹುಟ್ಟುವುದು. ಗೊತ್ತಿದ್ದಷ್ಟು ಬರೆಯುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಲೈಫ್ ಶುರುವಾದಾಗ ಮೂರು ಹಂತ ಇತ್ತು. ಹಿಂದಿನ ಯೋಜನೆಗಳಲ್ಲಿ ಅರ್ಧಕ್ಕೆ ನಿಂತ ಮನೆಗಳನ್ನು ಮುಗಿಸುವುದು ಮೊದಲನೆಯದು. ಜಾಗ ಇದ್ದು ಮನೆ ಇಲ್ಲದವರಿಗೆ ಎರಡನೆಯದು. ಜಾಗವೂ ಇಲ್ಲದವರಿಗೆ ಫ್ಲ್ಯಾಟ್ ಕಟ್ಟುವುದು ಮೂರನೆಯದು. 2020ರ ಫೆಬ್ರವರಿ 29ರಂದು ಎರಡು ಲಕ್ಷ ಮನೆ ಮುಗಿದದ್ದನ್ನು ಸರಕಾರ ಘೋಷಿಸಿತು. ಅದರಲ್ಲಿ ಬಿಟ್ಟುಹೋದವರಿಗಾಗಿ ಅದೇ ವರ್ಷ ಹೊಸ ಅರ್ಜಿ ಕರೆದರು. ನಿಮ್ಮ ಹುಡುಗಿಯ ತಂದೆ ಹಾಕಿದ್ದು ಆ ಅರ್ಜಿ. ಕರಡು ಪಟ್ಟಿ 2022ರಲ್ಲಿ ಬಂತು, ಎರಡು ಹಂತದ ಮೇಲ್ಮನವಿ ಇತ್ತು, ಎರಡನೆಯದು ಕಲೆಕ್ಟರಿಗೆ. ಆಮೇಲೆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಇಟ್ಟು ಪಾಸು ಮಾಡಿದರು. ಆ ಬಾಗಿಲು ಮುಚ್ಚಿದೆ, ಸುಳ್ಳು ಆಸೆ ಹುಟ್ಟಿಸುವುದು ಬೇಡ.

ಆದರೆ ದಾರಿ ಪೂರ್ತಿ ಕಟ್ಟಿಲ್ಲ. ಕೇಂದ್ರದ ಪಿಎಂ ಆವಾಸ್ ಗ್ರಾಮೀಣ್ ಯೋಜನೆಯನ್ನು 2028-29ರ ವರೆಗೆ ಮುಂದುವರಿಸಿದ್ದಾರೆ, ಇನ್ನೂ ಎರಡು ಕೋಟಿ ಮನೆ ಅಂತ ಲೆಕ್ಕ. ಅದಕ್ಕೆ ಆವಾಸ್ ಪ್ಲಸ್ ಆ್ಯಪಿನಲ್ಲಿ ಹೊಸ ಸಮೀಕ್ಷೆ ನಡೆಯುತ್ತಾ ಇದೆ. ಅವರ ಹೆಸರು ಅದರಲ್ಲಿ ಹತ್ತಿತಾ ಅಂತ ವಿಇಒ ಹತ್ತಿರ ಇವತ್ತೇ ಕೇಳಿ. ಕೇಂದ್ರದಿಂದ ಬಯಲು ಪ್ರದೇಶಕ್ಕೆ 1.20 ಲಕ್ಷ, ಗುಡ್ಡಗಾಡಿಗೆ 1.30 ಲಕ್ಷ. ಕೇರಳದಲ್ಲಿ ಇದಕ್ಕೆ ಲೈಫಿನ ದುಡ್ಡು ಸೇರಿಸಿ ಒಟ್ಟು ನಾಲ್ಕು ಲಕ್ಷ ಮಾಡಿ ಕೊಡುವ ಕ್ರಮ.

ಇನ್ನೊಂದು, ಅತಿ ಬಡ ಕುಟುಂಬಗಳ ಪಟ್ಟಿ. ರಾಜ್ಯದಲ್ಲಿ 64,006 ಕುಟುಂಬಗಳನ್ನು ಗುರುತಿಸಿದ್ದರು. ಆ ಸಮೀಕ್ಷೆಯ ಕಾಲಕ್ಕೆ ಇವರ ಗಂಡ ಬದುಕಿದ್ದರು, ದುಡಿಯುತ್ತಿದ್ದರು. ಹಾಗಾಗಿ ಹೆಸರು ಇರುವ ಸಂಭವ ಕಡಿಮೆ, ಆದರೂ ಕೇಳಿ ನೋಡಿ.

ಎಲ್ಲಕ್ಕಿಂತ ದೊಡ್ಡ ಗಂಟು ಪಟ್ಟಿಯಲ್ಲಿ ಅಲ್ಲ, ಜಾಗದಲ್ಲಿ. ತೀರ್ವೆ (ಭೂಕಂದಾಯ) ರಶೀದಿ ಯಾರ ಹೆಸರಿನಲ್ಲಿ ಬರುತ್ತಾ ಇದೆ?


ಕನ್ನಡ ಟೀಚರ್ | ಮೇ 7, ಮಧ್ಯಾಹ್ನ 1.10

ಸಾರ್, ಕೇಳಿದೆ. ತೀರ್ವೆ ಈಗಲೂ ತೀರಿಹೋದ ಮಾವನ ಹೆಸರಿನಲ್ಲಿ. ಕೊನೆಗೆ ಕಟ್ಟಿದ್ದು 2018ರಲ್ಲಿ. ರೇಷನ್ ಕಾರ್ಡು ಭಾವನ ಜೊತೆಗೇ ಉಂಟು. ಅತ್ತೆಯ ಮಕ್ಕಳು ಮೂವರು: ಭಾವ, ವಿಟ್ಲಕ್ಕೆ ಮದುವೆಯಾದ ನಾದಿನಿ, ತೀರಿಹೋದ ಇವರ ಗಂಡ.


ನಿವೃತ್ತ ವಿಇಒ | ಮೇ 7, ಮಧ್ಯಾಹ್ನ 2.05

ನಾನು ಹೆದರಿದ್ದು ಇದಕ್ಕೇ. ಜಾಗ ಉಂಟು, ಆದರೆ ಕಾಗದದಲ್ಲಿ ಅವರದ್ದಲ್ಲ. ಹೀಗೆ ಇದ್ದರೆ ನಾಳೆ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ ಬಂದರೂ ಕರಾರು ಬರೆಯಲು ಆಗುವುದಿಲ್ಲ. ಪೊಸೆಶನ್ ಸರ್ಟಿಫಿಕೇಟ್ ಇಲ್ಲ ಅಂತ ಪಕ್ಕಕ್ಕೆ ಇಡುತ್ತಾರೆ, ಮುಂದಿನ ಹೆಸರು ಕರೆಯುತ್ತಾರೆ. ನನ್ನ ಕೈಯಿಂದಲೇ ಹಾಗೆ ಪಕ್ಕಕ್ಕೆ ಇಟ್ಟ ಫೈಲುಗಳು ಇವೆ. ಅದು ಈಗಲೂ ಮನಸ್ಸಿನಲ್ಲಿ ಕೊರೆಯುತ್ತದೆ.

ಮಾಡಬೇಕಾದ್ದು ಇಷ್ಟು. ಮಾವನ ಮರಣ ಪತ್ರ ಮತ್ತು ಕುಡಿಕಿಡಪ್ಪಿನ ಪಟ್ಟೆ (ಹಕ್ಕುಪತ್ರ) ಹುಡುಕಿ. ಭೂಸುಧಾರಣಾ ಕಾಯ್ದೆಯಲ್ಲಿ ಪಂಚಾಯತು ಪ್ರದೇಶದ ಕುಡಿಕಿಡಪ್ಪುದಾರರಿಗೆ ಹತ್ತು ಸೆಂಟ್ಸ್ ಅಂತ ಇತ್ತು, ಅದೇ ಇದು. ಲ್ಯಾಂಡ್ ಟ್ರಿಬ್ಯೂನಲ್ಲಿನ ಕ್ರಯ ಸರ್ಟಿಫಿಕೇಟ್ ಇರಲೇಬೇಕು, ಹಳೇ ಟ್ರಂಕಿನಲ್ಲಿ ನೋಡಿ. ತಹಶೀಲ್ದಾರರಿಂದ ವಾರಸು ಸರ್ಟಿಫಿಕೇಟ್. ಆಮೇಲೆ ಅತ್ತೆ, ಭಾವ, ನಾದಿನಿ ಮೂವರೂ ತಮ್ಮ ಪಾಲು ಬಿಟ್ಟುಕೊಟ್ಟು ಇವರಿಗೂ ಮಕ್ಕಳಿಗೂ ಬಿಡುಗಡೆ ಪತ್ರ ರಿಜಿಸ್ಟರ್ ಮಾಡಲಿ. ಕೊನೆಗೆ ವಿಲೇಜ್ ಆಫೀಸಿನಲ್ಲಿ ಹೆಸರು ಬದಲಾವಣೆ, ನಾವೆಲ್ಲ ಪೋಕ್ಕುವರವು ಅಂತ ಹೇಳುತ್ತೇವಲ್ಲ, ಅದು. ಬಾಕಿ ತೀರ್ವೆಯನ್ನು ಒಟ್ಟಿಗೇ ಕಟ್ಟಿಬಿಡಿ.

ಭಾವ ಒಪ್ಪುತ್ತಾರಾ?


ಮುಳ್ಳೇರಿಯ ಮೇಸ್ತ್ರಿ | ಮೇ 7, ರಾತ್ರಿ 8.50

ನಾನು ಸರಕಾರಿ ಮನೆ ಹತ್ತು ಹನ್ನೆರಡು ಕಟ್ಟಿದವ. ಕಾಗದದ್ದು ನಂಗೆ ಗೊತ್ತಿಲ್ಲ, ಕಲ್ಲಿಂದು ಹೇಳ್ತೇನೆ.

ನಾಲ್ಕು ಲಕ್ಷದಲ್ಲಿ ಈಗ ಮನೆ ಆಗುದಿಲ್ಲ ಟೀಚರ್. ನಾನೂರು ಚದರ ಅಡಿ ಅಂತ ಇಟ್ಟುಕೊಳ್ಳಿ, ಈಗಿನ ರೇಟಿನಲ್ಲಿ ಚದರ ಅಡಿಗೆ ಎರಡು ಸಾವಿರ ಹಿಡಿದ್ರೂ ಎಂಟು ಲಕ್ಷ. ಕೆಂಪುಕಲ್ಲು, ಹೊಯ್ಗೆ ಬದಲಿಗೆ ಎಂ ಸ್ಯಾಂಡ್, ಕಬ್ಬಿಣ, ಎಲ್ಲ ಏರಿದೆ. ಹಾಗಾದ್ರೆ ಜನ ಕಟ್ಟುದು ಹೇಗೆ? ಕೂಲಿ ತಾವೇ ಮಾಡ್ತಾರೆ. ಹೆಂಗಸರ ಸಂಘ ಕುಟುಂಬಶ್ರೀಯಿಂದ ಸಾಲ ತೆಗೀತಾರೆ. ಕೆಲವರು ಚಿನ್ನ ಇಡ್ತಾರೆ. ಸಾರಣೆ ಬಿಡ್ತಾರೆ, ನೆಲಕ್ಕೆ ಸಿಮೆಂಟೇ ಸಾಕು ಅಂತಾರೆ.

ಮುಖ್ಯ ವಿಷಯ, ದುಡ್ಡು ಕಂತಿನಲ್ಲಿ ಬರುದು. ತಳಪಾಯ ಆದ ಮೇಲೆ, ಲಿಂಟಲ್ ಆದ ಮೇಲೆ, ಹಾಗೆ. ಕೆಲಸ ಆದ ಫೋಟೋ ಹೋಗಿ ಮತ್ತೆ ಹಣ. ಅಂದ್ರೆ ಮೊದಲು ಕೈಯಿಂದ ಹಾಕುವ ದುಡ್ಡು ಬೇಕು. ಇಲ್ಲದವ್ರು ತಳಪಾಯದಲ್ಲೇ ನಿಂತುಬಿಡ್ತಾರೆ. ಅಂಥ ತಳಪಾಯದ ಮೇಲೆ ಹುಲ್ಲು ಬೆಳ್ದದ್ದು ನೋಡಿದ್ರೆ ನಂಗೆ ತುಂಬಾ ಬೇಜಾರಾಗ್ತದೆ.

2023ರಲ್ಲಿ ಒಬ್ರಿಗೆ ಕಟ್ಟಿದೆ. ಉದ್ಯೋಗ ಖಾತರಿಯಲ್ಲಿ ಸ್ವಂತ ಮನೆ ಕೆಲಸಕ್ಕೆ 90 ದಿನದ ಕೂಲಿ ಸಿಗ್ತದೆ ಅಂತ ಅವ್ರಿಗೆ ಗೊತ್ತೇ ಇರ್ಲಿಲ್ಲ. ಆಗ ದಿನಕ್ಕೆ 333. ಹತ್ತಿರ ಹತ್ತಿರ 30 ಸಾವಿರ ಆಯ್ತು. ಆ ದುಡ್ಡಲ್ಲಿ ಬಾಗಿಲು, ಕಿಟಕಿ ಬಂತು. ಇದನ್ನು ಕೇಳಿ ತೆಕ್ಕೊಳ್ಳಿ, ಬಿಡ್ಬೇಡಿ.

ಮತ್ತೆ ಒಂದು ಮಾತು. ದೊಡ್ಡ ಪ್ಲಾನ್ ಹಾಕ್ಬೇಡಿ. ‘ಮುಂದೆ ಮಕ್ಕಳಿಗೆ ಬೇಕು’ ಅಂತ ಎಂಟುನೂರು ಅಡಿಗೆ ತಳಪಾಯ ಹಾಕ್ತಾರೆ, ಅಲ್ಲಿಗೇ ಮುಗೀತದೆ. ಎರಡು ಕೋಣೆ, ಅಡಿಗೆಮನೆ, ಕಕ್ಕಸು. ಮಳೆ ಒಳಗೆ ಬರ್ಬಾರ್ದು, ಅಷ್ಟು ಮೊದಲು ಆಗ್ಲಿ.


ನೀರ್ಚಾಲು ಕೃಷಿಕ | ಮೇ 8, ಬೆಳಿಗ್ಗೆ 7.15

ಎಲ್ಲರೂ ಒಂದೇ ಬದಿಯಿಂದ ಹೇಳುತ್ತಿದ್ದೀರಿ, ನನಗೆ ಬೇರೆ ಅನುಭವ ಇರುವುದರಿಂದ ಬರೆಯುತ್ತೇನೆ. ಸರಕಾರದ ಮನೆ ಸಿಕ್ಕಿ ಅದನ್ನು ಬಾಡಿಗೆಗೆ ಕೊಟ್ಟು ತಾವು ಬೇರೆ ಕಡೆ ಇರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಆ ಮನೆ ಸುಮ್ಮನೆ ಹೋದದ್ದಲ್ಲ, ಈ ಟೀಚರ್ ಹೇಳಿದಂಥ ಒಂದು ತಾಯಿಯ ಪಾಲಿನಿಂದ ಹೋದದ್ದು. ತೆರಿಗೆ ಕಟ್ಟುವವನಿಗೆ ಸಿಟ್ಟು ಬರುವುದು ಸಹಜ. ಬಡವರಿಗೆ ಕೊಡಬೇಡಿ ಅಂತ ನಾನು ಹೇಳುವುದಲ್ಲ. ಸರಿಯಾಗಿ ನೋಡಿ ಕೊಡಿ ಅಂತ.


ನಿವೃತ್ತ ವಿಇಒ | ಮೇ 8, ಬೆಳಿಗ್ಗೆ 9.20

ಅಣ್ಣ, ನಿಮ್ಮ ಮಾತು ತಳ್ಳಿಹಾಕುವಂಥದ್ದಲ್ಲ. ಆದರೆ ಪಟ್ಟಿಯನ್ನು ಗ್ರಾಮಸಭೆಯಲ್ಲಿ ಓದುತ್ತೇವೆ, ಆಕ್ಷೇಪ ಕೇಳುತ್ತೇವೆ. ನಾನು ಓದಿದ ಪಟ್ಟಿಗಳಿಗೆ ಎದ್ದು ನಿಂತು ‘ಇವರಿಗೆ ಮನೆ ಉಂಟು, ಅವರ ಹೆಸರು ಬಿಟ್ಟುಹೋಗಿದೆ’ ಅಂತ ಹೇಳಿದವರನ್ನು ಬೆರಳಲ್ಲಿ ಎಣಿಸಬಹುದು. ಸ್ವಂತ ಮನೆ ಇರುವವರು ಆ ದಿನ ಗ್ರಾಮಸಭೆಗೆ ಬರುವುದೇ ಇಲ್ಲ. ನೀವು ಬನ್ನಿ. ನಿಮ್ಮಂಥವರು ಬಂದರೆ ಎರಡೂ ಕಡೆಯ ತಪ್ಪು ನಿಲ್ಲುತ್ತದೆ.


ನೀರ್ಚಾಲು ಕೃಷಿಕ | ಮೇ 8, ರಾತ್ರಿ 8.00

ಒಪ್ಪಿದೆ. ನಾನು ಕೊನೆಯ ಸಲ ಗ್ರಾಮಸಭೆಗೆ ಹೋದದ್ದು ಯಾವಾಗ ಅಂತ ನೆನಪಿಲ್ಲ. ಮುಂದಿನದಕ್ಕೆ ಹೋಗುತ್ತೇನೆ.

ಟೀಚರ್, ನಮ್ಮ ತೋಟದ ಬದಿಯಲ್ಲಿ ಆಳುಗಳಿಗೆ ಕಟ್ಟಿಸಿದ ಬಿಡಾರ ಖಾಲಿ ಉಂಟು. ಹಂಚಿನ ಮಾಡು, ಬಾವಿ, ಕರೆಂಟು ಇದೆ. ಮಳೆಗಾಲ ಕಳೆಯುವವರೆಗೆ ಅವರು ಇರಲಿ, ಬಾಡಿಗೆ ಬೇಡ.


ಕಡಲ ಬದಿ ಉಪ್ಪಳ | ಮೇ 8, ರಾತ್ರಿ 9.30

ಜಾಗದ ಕಾಗದದ ಮಾತು ಬಂದದ್ದಕ್ಕೆ ನಮ್ಮ ಕಡೆಯದ್ದೂ ಹೇಳುತ್ತೇನೆ. ನಮ್ಮಲ್ಲಿ ಕಾಗದ ಉಂಟು, ಜಾಗವೇ ಇಲ್ಲ. ಮುಸೋಡಿ ಕಡೆಗೆ ಬಂದು ನೋಡಿ, ಅಜ್ಜ ನೆಟ್ಟ ತೆಂಗಿನ ಬುಡ ಈಗ ಕಡಲೊಳಗೆ. ತೀರ್ವೆ ಮಾತ್ರ ಮೊನ್ನೆ ಮೊನ್ನೆಯವರೆಗೆ ಕಟ್ಟಿದ್ದೇವೆ.

ಮೀನುಗಾರರಿಗೆ ಪುನರ್ಗೇಹಂ ಅಂತ ಬೇರೆಯೇ ಯೋಜನೆ ಉಂಟು. ಕಡಲಿನ ಗಡಿಯಿಂದ 50 ಮೀಟರ್ ಒಳಗೆ ಮನೆ ಇದ್ದರೆ ಬಿಟ್ಟು ಬರಲು ಒಟ್ಟು 10 ಲಕ್ಷ: ಜಾಗಕ್ಕೆ 6 ಲಕ್ಷದವರೆಗೆ, ಮನೆಗೆ 4 ಲಕ್ಷ. ಕಡಿಮೆ ಅಂದರೂ ಮೂರು ಸೆಂಟ್ಸ್ ಬೇಕು. ಮೀನುಗಾರಿಕೆ ಇಲಾಖೆಯಲ್ಲಿ ಕೇಳಬೇಕು, ಪಂಚಾಯತಿನಲ್ಲಿ ಕೇಳಿದರೆ ಗೊತ್ತಿಲ್ಲ ಅನ್ನುತ್ತಾರೆ.

ನಮ್ಮ ಚಿಕ್ಕಪ್ಪ ಇನ್ನೂ ಒಪ್ಪಿಲ್ಲ. ದೋಣಿ ಇಲ್ಲಿ, ಬಲೆ ಇಲ್ಲಿ, ಮೂರು ಕಿಲೋಮೀಟರ್ ಒಳಗೆ ಹೋಗಿ ಕೂತರೆ ಬೆಳಗಿನ ಜಾವ ಗಾಳಿ ತಿರುಗಿದ್ದು ಯಾರು ಹೇಳುತ್ತಾರೆ ಅಂತ ಕೇಳುತ್ತಾರೆ. ಅವರನ್ನು ಹಠಮಾರಿ ಅಂತ ಬೈಯಲು ನನ್ನಿಂದ ಆಗುವುದಿಲ್ಲ. ಆದರೆ ಜೂನ್ ಬಂದರೆ ಪ್ರತಿ ರಾತ್ರಿ ಫೋನ್ ಮಾಡಿ ಇದ್ದಾರಾ ಅಂತ ಕೇಳಬೇಕಾಗುತ್ತದೆ.


ವಿದ್ಯಾನಗರ ವಕೀಲೆ | ಮೇ 9, ಬೆಳಿಗ್ಗೆ 10.40

ಮನೆ ಕಟ್ಟುವ ಮಾತು ಆಮೇಲೆ. 31ನೇ ತಾರೀಕಿನ ಮಾತು ಮೊದಲು ಆಗಲಿ.

ಬಾಯಿಮಾತಿನಲ್ಲಿ ‘ಬಿಡಿ’ ಅಂದ ಕೂಡಲೇ ಬಾಡಿಗೆದಾರರು ಬಿಡಬೇಕು ಅಂತ ಕಾನೂನಿಲ್ಲ. 1965ರ ಕೇರಳ ಕಟ್ಟಡ ಬಾಡಿಗೆ ನಿಯಂತ್ರಣ ಕಾಯ್ದೆ ಅನ್ವಯವಾಗುವ ಊರಾದರೆ ಬಾಡಿಗೆ ನಿಯಂತ್ರಣ ಕೋರ್ಟಿನ ಆದೇಶ ಇಲ್ಲದೆ ಎಬ್ಬಿಸುವ ಹಾಗಿಲ್ಲ. ಬಾಕಿಯ ಕಾರಣಕ್ಕಾದರೆ ಮೊದಲು ರಿಜಿಸ್ಟರ್ ನೋಟಿಸ್ ಕಳಿಸಿ 15 ದಿನ ಕೊಡಬೇಕು. ನೀರು, ಕರೆಂಟು ಕಡಿಯುವುದಂತೂ ತಪ್ಪೇ.

ಓನರ್ ಜೊತೆ ಜಗಳಕ್ಕೆ ಹೋಗಿ ಅಂತ ಇದರ ಅರ್ಥ ಅಲ್ಲ. ಅವರಿಗೂ ಅಗತ್ಯ ಇದೆ ಅಂತ ಟೀಚರ್ ಹೇಳಿದ್ದಾರೆ. ಲೀಗಲ್ ಸರ್ವೀಸಸ್ ಅಥಾರಿಟಿಯಲ್ಲಿ ಒಂದು ಅರ್ಜಿ ಕೊಟ್ಟರೆ ಇಬ್ಬರನ್ನೂ ಕರೆದು ಕೂರಿಸಿ ಮಾತಾಡಿಸುತ್ತಾರೆ. ಹೆಂಗಸರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಅಲ್ಲಿ ವಕೀಲರ ನೆರವು ಉಚಿತ, ಆದಾಯ ಎಷ್ಟು ಅಂತ ನೋಡುವುದಿಲ್ಲ. 1987ರ ಕಾಯ್ದೆಯಲ್ಲೇ ಹಾಗೆ ಇದೆ. ಎಷ್ಟೋ ಜನ ಹೆಂಗಸರು ಕೋರ್ಟು ಅಂದರೆ ದುಡ್ಡು ಅಂತ ಹೆದರಿ, ಸಾಮಾನು ಗೋಣಿಯಲ್ಲಿ ಕಟ್ಟಿಕೊಂಡು ಹೊರಟುಬಿಡುತ್ತಾರೆ. ಹೊರಟ ಮೇಲೆ ನಾವು ಮಾಡುವುದಕ್ಕೆ ಬಹಳ ಕಡಿಮೆ ಉಳಿಯುತ್ತದೆ.


ಎಸ್‌ಟಿ ಪ್ರಮೋಟರ್ | ಮೇ 9, ಸಂಜೆ 5.25

ಕೊರಗರ ಮನೆಗಳ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು ಬರೆಯುತ್ತೇನೆ. ಕೇರಳದಲ್ಲಿ ಕೊರಗರು ಇರುವುದು ನಮ್ಮ ಜಿಲ್ಲೆಯಲ್ಲಿ ಮಾತ್ರ. ವಿಶೇಷ ದುರ್ಬಲ ಬುಡಕಟ್ಟು ಅಂತ ಗುರುತಿಸಿದ 75 ಸಮುದಾಯಗಳಲ್ಲಿ ಒಂದು. ಇವರಿಗೆ 2023ರ ನವೆಂಬರ್ 15ರಂದು ಶುರುವಾದ ಕೇಂದ್ರದ ಪಿಎಂ ಜನಮನ್ ಯೋಜನೆಯಲ್ಲಿ ಮನೆಗೆ ಬೇರೆ ಹಣ ಉಂಟು.

ನಾನು ಕಂಡ ಕಷ್ಟ ಹಣದ್ದಲ್ಲ. ಬುಟ್ಟಿ ಹೆಣೆಯುವ ಮನೆಗೆ ಜಗಲಿ ಬೇಕು. ಬೀಳು ಸೀಳಲು, ನೆನೆಹಾಕಲು, ಕಾಲು ಚಾಚಿ ಕೂತು ಹೆಣೆಯಲು. ಪ್ಲಾನಿನಲ್ಲಿ ಜಗಲಿ ಇಲ್ಲ. ಒಬ್ಬರು ಅಜ್ಜಿ ಹೊಸ ಸ್ಲ್ಯಾಬಿನ ಮನೆಯ ಎದುರು ಮಡಲಿನ ಚಪ್ಪರ ಕಟ್ಟಿಕೊಂಡು ಹಗಲೆಲ್ಲ ಅಲ್ಲೇ ಇರುತ್ತಾರೆ. ನೋಡಿದವರು ‘ಮನೆ ಕೊಟ್ಟರೂ ಒಳಗೆ ಇರುವುದಿಲ್ಲ’ ಅಂತಾರೆ. ಅವರ ಕೆಲಸದ ಜಾಗವನ್ನು ನಾವು ಕಟ್ಟಿಯೇ ಕೊಡಲಿಲ್ಲ.

ಟೀಚರ್ ಹೇಳಿದ ಕುಟುಂಬ ಯಾವ ವಿಭಾಗದ್ದು ಅಂತ ಕೇಳುವುದಿಲ್ಲ. ಪರಿಶಿಷ್ಟ ಜಾತಿಯವರಾದರೆ ಅರ್ಧಕ್ಕೆ ನಿಂತ ಮನೆ ಮುಗಿಸಲು ಆ ಇಲಾಖೆಯ ಸೇಫ್ ಯೋಜನೆ ಉಂಟು. ಅಲ್ಪಸಂಖ್ಯಾತ ಸಮುದಾಯದ ವಿಧವೆಯರ ಹಳೇ ಮನೆ ರಿಪೇರಿಗೆ ಇಂಬಿಚ್ಚಿ ಬಾವ ಹೆಸರಿನ ಯೋಜನೆಯಲ್ಲಿ 50,000 ಕೊಡುತ್ತಾರೆ. ನೋಟಿಸು ಪೇಪರಿನಲ್ಲಿ ಒಂದು ಸಣ್ಣ ಕಾಲಂ ಬಂದು ಹೋಗುತ್ತದೆ, ಕಣ್ಣಿಟ್ಟಿರಬೇಕು.


ತಲಪಾಡಿ ಆಚೆ | ಮೇ 9, ರಾತ್ರಿ 9.05

ನಾನು ಗೇಟಿನ ಈಚೆಯವ, ಕರ್ನಾಟಕದಲ್ಲಿ. ನಮ್ಮಲ್ಲಿ ರಾಜೀವ್ ಗಾಂಧಿ ವಸತಿ ನಿಗಮದಿಂದ ಬಸವ ವಸತಿ ಅಂತ ಇದೆ. ನಾದಿನಿ ವಿಟ್ಲದಲ್ಲಿ ಇದ್ದಾರಲ್ಲ, ಅವರ ಮೂಲಕ ಈ ಕಡೆ ಏನಾದರೂ ಆಗಬಹುದಾ? ಅರ್ಜಿಯೆಲ್ಲ ಕನ್ನಡದಲ್ಲೇ ಇರುತ್ತದೆ.


ಪೈವಳಿಕೆಯ ಓದುಗ | ಮೇ 9, ರಾತ್ರಿ 9.50

ಪ್ರೀತಿಯಿಂದ ಕೇಳಿದ್ದೀರಿ, ಆದರೆ ಆಗುವುದಿಲ್ಲ. ರೇಷನ್ ಕಾರ್ಡು ಕೇರಳದ್ದು, ಜಾಗ ಕೇರಳದ್ದು. ಅಲ್ಲಿ ಹೋಗಿ ಅಲ್ಲಿಯವರಾಗಬೇಕಾದರೆ ಇಲ್ಲಿಯ ಹತ್ತು ಸೆಂಟ್ಸ್ ಬಿಡಬೇಕು. ನಮ್ಮ ಭಾಷೆ ಗೇಟು ದಾಟಿ ಹೋಗುತ್ತದೆ, ಯೋಜನೆ ದಾಟುವುದಿಲ್ಲ.

ಅದಕ್ಕೇ ಇಲ್ಲಿಯೇ ಕನ್ನಡದಲ್ಲಿ ಕೇಳಬೇಕು. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಸ್ಪಷ್ಟ ಉಂಟು: ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ, ಇಲಾಖಾ ಮುಖ್ಯಸ್ಥರಿಗೆ, ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಘೋಷಿಸಿದ ಕಡೆಯ ಸ್ಥಳೀಯ ಆಫೀಸುಗಳಿಗೆ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಬರಬೇಕು. ಕನ್ನಡದಲ್ಲಿ ಅರ್ಜಿ ಕೊಟ್ಟರೆ ‘ಲೇಟಾಗುತ್ತದೆ, ಮಲಯಾಳದಲ್ಲಿ ಬರೆಸಿ ತನ್ನಿ’ ಅನ್ನುವವರು ಇದ್ದಾರೆ. ಬರೆಸುವವನಿಗೆ ನೂರು ರೂಪಾಯಿ. ಬೀಡಿ ಕಟ್ಟುವವರ ನೂರು ರೂಪಾಯಿ ಅದು. ನಾನು ಯಾರಿಗೆ ಬರೆದುಕೊಟ್ಟರೂ ಅರ್ಜಿಯ ಮೊದಲ ಗೆರೆಯಲ್ಲೇ ಕಾಯ್ದೆಯ ಹೆಸರು, ವರ್ಷ ಹಾಕುತ್ತೇನೆ. ಟೀಚರ್, ಅವರ ಅರ್ಜಿ ನಾನು ಬರೆದು ಕಳಿಸಲಾ?

ನಾನು ಇದನ್ನೆಲ್ಲ ಇಷ್ಟು ಮನಸ್ಸಿಗೆ ಹಚ್ಚಿಕೊಳ್ಳುವುದಕ್ಕೆ ಕಾರಣ ಉಂಟು. ನಾನು ಹುಟ್ಟಿ ಬೆಳೆದದ್ದು ಲಕ್ಷಂ ವೀಡಿನಲ್ಲಿ. 1972ರ ಹೊತ್ತಿಗೆ ಎಂ.ಎನ್. ಗೋವಿಂದನ್ ನಾಯರ್ ಮಂತ್ರಿಯಾಗಿದ್ದಾಗ ಕೇರಳದ ಎಲ್ಲ ಕಡೆ ಕಟ್ಟಿದ ಮನೆಗಳು. ಒಂದು ಗೋಡೆಗೆ ಈಚೆ ಒಂದು ಮನೆ, ಆಚೆ ಒಂದು ಮನೆ. ಆಚೆಯ ಅಜ್ಜಿ ಬೆಳಿಗ್ಗೆ ಅರೆಯುವ ಕಲ್ಲಿನ ಸದ್ದಿಗೆ ನಾವು ಏಳುವುದು. ನಮ್ಮ ಅಮ್ಮ ಕೆಮ್ಮಿದರೆ ಅವರು ಗೋಡೆ ತಟ್ಟಿ ‘ಶುಂಠಿ ಉಂಟಾ’ ಅಂತ ಕೇಳುತ್ತಿದ್ದರು. ಆ ಮನೆ ಸಣ್ಣದು, ಸೋರುತ್ತಿತ್ತು, ನಿಜ. ಆದರೆ ಶಾಲೆಯಲ್ಲಿ ವಿಳಾಸ ಬರೆಯಿರಿ ಅಂದಾಗ ಬರೆಯಲು ನನಗೊಂದು ಮನೆ ನಂಬ್ರ ಇತ್ತು.


ಕನ್ನಡ ಟೀಚರ್ | ಮೇ 12, ರಾತ್ರಿ 10.20

ನಿಮಗೆಲ್ಲ ಹೇಗೆ ಕೃತಜ್ಞತೆ ಹೇಳುವುದು ಗೊತ್ತಾಗುತ್ತಿಲ್ಲ. ಆದ ಕೆಲಸ ಹೇಳುತ್ತೇನೆ.

ಓನರ್ ಹತ್ತಿರ ನಾನೂ ವಾರ್ಡ್ ಮೆಂಬರೂ ಹೋದೆವು. ವಕೀಲೆ ಮೇಡಂ ಹೇಳಿದ ಕಾನೂನಿನ ಮಾತು ಎತ್ತುವ ಅಗತ್ಯ ಬರಲಿಲ್ಲ. ಬಾಕಿಯಲ್ಲಿ ಒಂದು ತಿಂಗಳದ್ದು ಕೊಟ್ಟೆವು. ‘ಆಟಿಯಲ್ಲಿ ಯಾರನ್ನೂ ಹೊರಗೆ ಹಾಕಿ ನನಗೆ ಗೊತ್ತಿಲ್ಲ, ಮದುವೆ ಸೋಣದಲ್ಲಿ, ಅಷ್ಟರಲ್ಲಿ ನೋಡಿ’ ಅಂದರು ಓನರ್. (ಆಟಿ ಅಂದರೆ ತುಳುವಿನ ಮಳೆಗಾಲದ ತಿಂಗಳು, ಸೋಣ ಅದರ ಮುಂದಿನದು.) ನೀರ್ಚಾಲಿನ ಅಣ್ಣ, ನಿಮ್ಮ ಬಿಡಾರದ ಮಾತು ಹೇಳಿದಾಗ ಹುಡುಗಿಯ ತಾಯಿ ಅತ್ತುಬಿಟ್ಟರು. ಶಾಲೆ ದೂರ ಆಗುತ್ತದೆ, ಹಾಗಾಗಿ ಈಗ ಬೇಡ. ಸೋಣದ ಮೇಲೂ ಆಗದಿದ್ದರೆ ನಿಮ್ಮನ್ನೇ ಕೇಳುತ್ತೇನೆ.

ರೇಷನ್ ಕಾರ್ಡು ಬೇರೆ ಮಾಡಲು ಅಕ್ಷಯದಲ್ಲಿ ಕೊಟ್ಟಾಯಿತು. ಆವಾಸ್ ಪ್ಲಸ್ಸಿಗೆ ಹೆಸರು ಸೇರಿಸಲು ವಿಇಒ ಆಧಾರ್ ಎಲ್ಲ ತೆಗೆದುಕೊಂಡರು. ಪೈವಳಿಕೆಯವರು ಬರೆದುಕೊಟ್ಟ ಅರ್ಜಿ ಕಲೆಕ್ಟರೇಟಿಗೆ ಕನ್ನಡದಲ್ಲೇ ಹೋಯಿತು, ರಶೀದಿ ಸಿಕ್ಕಿದೆ. ರಶೀದಿಯನ್ನು ಅವರು ಅದೇ ಪ್ಲಾಸ್ಟಿಕ್ ಕವರಿನಲ್ಲಿ ಇಟ್ಟರು.

ಪಟ್ಟೆ ಮಾತ್ರ ಸಿಗುತ್ತಾ ಇಲ್ಲ.


ನಿವೃತ್ತ ವಿಇಒ | ಮೇ 13, ಬೆಳಿಗ್ಗೆ 6.10

ಅತ್ತೆಯ ಹತ್ತಿರ ಕೇಳಿ. ಹಿಂದಿನವರು ಪಟ್ಟೆಯನ್ನು ದೇವರ ಕೋಣೆಯಲ್ಲೋ ಅಕ್ಕಿ ಮುಡಿಯ ಹತ್ತಿರವೋ ಇಡುತ್ತಿದ್ದರು. ಇಲ್ಲದಿದ್ದರೆ ಹೆದರಬೇಡಿ, ದೃಢೀಕೃತ ಪ್ರತಿಗೆ ಅರ್ಜಿ ಹಾಕುವ. ಹಳೇ ತೀರ್ವೆ ರಶೀದಿಯಲ್ಲಿ ತಂಡಪ್ಪೇರ್ ನಂಬ್ರ, ಅಂದರೆ ವಿಲೇಜ್ ಆಫೀಸಿನ ಜಾಗದ ಖಾತೆ ನಂಬ್ರ, ಇರುತ್ತದೆ. ಅದೊಂದು ಸಿಕ್ಕಿದರೆ ಹುಡುಕುವುದು ಸುಲಭ.


ಮೊಗ್ರಾಲಿನ ಅಕ್ಕ | ಮೇ 13, ಮಧ್ಯಾಹ್ನ 12.30

ಇದನ್ನೆಲ್ಲ ಓದಿ ನನ್ನದೊಂದು ಪ್ರಶ್ನೆ. ಜಾಗವೇ ಇಲ್ಲದವರು ಏನು ಮಾಡುವುದು? ನಾವು ಹದಿನಾರು ವರ್ಷದಿಂದ ಬಾಡಿಗೆ ಮನೆ. ಏಳು ಮನೆ ಬದಲಿಸಿದ್ದೇವೆ. ಜನಗಣತಿಯಲ್ಲಿ ಮನೆ ಇಲ್ಲದವರು ಅಂದರೆ ರಸ್ತೆ ಬದಿ, ಸೇತುವೆ ಅಡಿ, ಪೈಪಿನೊಳಗೆ ಇರುವವರು ಅಂತ ಲೆಕ್ಕ. ಆ ಲೆಕ್ಕದಲ್ಲಿ ನಾವಿಲ್ಲ. ಹಾಗಂತ ಮನೆಯೂ ಇಲ್ಲ.


ನಿವೃತ್ತ ವಿಇಒ | ಮೇ 13, ಮಧ್ಯಾಹ್ನ 3.00

ಅಕ್ಕ, ಲೈಫಿನಲ್ಲಿ ಜಾಗವಿಲ್ಲದ ಮನೆಯಿಲ್ಲದವರು ಅಂತ ಬೇರೆಯೇ ಪಟ್ಟಿ ಇದೆ. ಅದರಲ್ಲಿ ನಿಮ್ಮ ಹೆಸರು ಉಂಟಾ ಅಂತ ಮೊದಲು ನೋಡಿ. ಜಾಗ ಇದ್ದವರು ಜಾಗ ಇಲ್ಲದವರಿಗೆ ಕೊಡಲಿ ಅಂತ ‘ಮನಸ್ಸೋಡಿತ್ತಿರಿ ಮಣ್ಣು’ ಅನ್ನುವ ಅಭಿಯಾನವೂ ಶುರುವಾಗಿತ್ತು, ಮನಸಾರೆ ಒಂದಿಷ್ಟು ಮಣ್ಣು ಅಂತ ಅರ್ಥ. ಒಂದೆರಡು ಎಕರೆ ಬರಡು ಗುಡ್ಡೆ ಇರುವ ಎಷ್ಟೋ ಮನೆತನಗಳು ನಮ್ಮಲ್ಲಿವೆ. ಮೂರು ಸೆಂಟ್ಸಿನ ಹಾಗೆ ಕೊಟ್ಟರೂ ಒಂದು ಓಣಿಯೇ ಆಗುತ್ತದೆ. ಯಾರಾದರೂ ಇದನ್ನು ಓದುತ್ತಿದ್ದರೆ ಯೋಚಿಸಿ.

ನಿಮಗೆ ಇಂದೇ ಉತ್ತರ ಸಿಗುವಂಥ ದಾರಿ ನನ್ನ ಹತ್ತಿರ ಇಲ್ಲ. ನಿಮ್ಮ ಪಂಚಾಯತಿನ ಪಟ್ಟಿ ಒಟ್ಟಿಗೆ ನೋಡುವ, ನನಗೆ ಸಂದೇಶ ಹಾಕಿ.


ಕನ್ನಡ ಟೀಚರ್ | ಜೂನ್ 17, ರಾತ್ರಿ 9.15

ತಡವಾಗಿ ಬರೆಯುತ್ತಿದ್ದೇನೆ, ಶಾಲೆ ಶುರುವಾದ ಗಡಿಬಿಡಿ. ಪಟ್ಟೆ ಸಿಕ್ಕಿತು! ವಿಟ್ಲದ ನಾದಿನಿಯ ಹತ್ತಿರ ಇತ್ತು. ಮಾವ ತೀರಿಹೋದಾಗ ಅಮ್ಮನ ಸೀರೆಗಳ ಜೊತೆ ಕೊಂಡುಹೋದ ಪೆಟ್ಟಿಗೆಯಲ್ಲಿ. ಅವರಿಗೇ ಗೊತ್ತಿರಲಿಲ್ಲ.

ರೇಷನ್ ಕಾರ್ಡು ಬೇರೆ ಆಗಿದೆ. ವಾರಸು ಸರ್ಟಿಫಿಕೇಟಿಗೆ ಅರ್ಜಿ ನಡೆಯುತ್ತಾ ಇದೆ, ವಿಲೇಜ್ ಆಫೀಸಿನಿಂದ ಬಂದು ವಿಚಾರಿಸಿ ಹೋಗಿದ್ದಾರೆ. ಭಾವ ಮೊದಲು ಸ್ವಲ್ಪ ಹಿಂದೆ ಮುಂದೆ ನೋಡಿದರು. ಮೊನ್ನೆ ಆದಿತ್ಯವಾರ ಜಾಗಕ್ಕೆ ಹೋಗಿ, ಬಿದ್ದ ಗೋಡೆಯ ಮಣ್ಣಿನ ಮೇಲೆ ಬೆಳೆದ ಪೊದೆ ಅವರೇ ಕತ್ತಿಯಲ್ಲಿ ಸವರಿ ಬಂದಿದ್ದಾರೆ. ‘ತಮ್ಮನ ಮಕ್ಕಳದ್ದಲ್ಲವಾ’ ಅಂದರಂತೆ.

ಮನೆ ಮಂಜೂರಾಗಿಲ್ಲ. ಆವಾಸ್ ಪಟ್ಟಿ ಯಾವಾಗ ಬರುತ್ತದೆ ಅಂತ ಯಾರೂ ಹೇಳುವುದಿಲ್ಲ. ಆದರೆ ಈ ಸಲ ಹೆಸರು ಕರೆದರೆ ಕಾಗದ ಕೈಯಲ್ಲಿರುತ್ತದೆ.

ಬಿಡುಗಡೆ ಪತ್ರದ ವಿಷಯ ಮಾತಾಡಲು ನಾಡಿದ್ದು ಗುರುವಾರ ಪತ್ರ ಬರೆಯುವವರ ಹತ್ತಿರ ಎಲ್ಲರೂ ಸೇರಬೇಕು. ನಾದಿನಿ ಬಸ್ಸಿನಲ್ಲಿ ಬರುತ್ತಾರೆ. ಅತ್ತೆಯದ್ದೇ ಚಿಂತೆ. ಕ್ವಾರ್ಟರ್ಸಿನ ಎದುರಿನ ಕಣಿ ತುಂಬಿ ಹರಿಯುತ್ತಿದೆ, ಅವರಿಗೆ ರಸ್ತೆಯವರೆಗೆ ನಡೆಯಲು ಆಗುವುದಿಲ್ಲ. ಒಳಗಿನವರೆಗೆ ಬರುವ ಗಾಡಿ ಯಾರದ್ದಾದರೂ ಉಂಟಾ?


ಕುಂಬಳೆ ಆಟೋ | ಜೂನ್ 17, ರಾತ್ರಿ 9.32

ಟೀಚರ್, ನಾನು ಇದನ್ನು ಮೊದಲಿಂದ ಓದ್ತಾ ಇದ್ದೆ. ಗುರುವಾರ ಎಷ್ಟು ಗಂಟೆಗೆ? ನಾನು ಬರ್ತೇನೆ. ಎತ್ತಿ ಕೂರಿಸ್ಲಿಕ್ಕೆ ತಮ್ಮನನ್ನೂ ಕರ್ಕೊಂಡು ಬರ್ತೇನೆ.


ಕನ್ನಡ ಟೀಚರ್ | ಜೂನ್ 17, ರಾತ್ರಿ 9.34

ಒಂಬತ್ತೂವರೆಗೆ, ತಮ್ಮಾ. ವಿಳಾಸ ನಿಮಗೆ ಬೇರೆಯಾಗಿ ಕಳಿಸುತ್ತೇನೆ.